ಚಿಕ್ಕಮಗಳೂರಲ್ಲಿ ಬಾಡಿಗೆ ಸ್ಕೂಟರ್: ಹತ್ತುವ ಚಿಂತೆ ಬಿಡಿ, ಇಳಿಯುವುದನ್ನು ನೋಡಿ

ಚಿಕ್ಕಮಗಳೂರಿಗೆ ಬಂದು ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ ಮಾತು: "ಇಬ್ಬರು ಕೂತರೆ ಗಿರಿ ಹತ್ತುತ್ತಾ?" ಹತ್ತುತ್ತದೆ. ಏದುಸಿರು ಬಿಡುತ್ತಾ, ಇಪ್ಪತ್ತರ ವೇಗದಲ್ಲಿ, ಆದರೂ ಹತ್ತುತ್ತದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಇಳಿಯುವ ಬಗ್ಗೆ. ಗೋವಾದಲ್ಲೋ ಅಂಡಮಾನ್‌ನಲ್ಲೋ ಸಮುದ್ರದ ಪಕ್ಕ ಸ್ಕೂಟರ್ ಓಡಿಸಿದ ಧೈರ್ಯ ಇಲ್ಲಿ ಪೂರ್ತಿ ಸಾಲದು. ಊರು ದಾಟಿ ಸ್ವಲ್ಪ ಹೊತ್ತಿಗೇ ತಿರುವುಗಳು ಶುರುವಾಗುತ್ತವೆ. ಮಂಜು ಯಾವಾಗ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ.

ನಾವು ಹಾಸನದವರು. ಅರವತ್ತು ಕಿಲೋಮೀಟರ್ ಚಿಲ್ಲರೆ ದೂರಕ್ಕೆ ಸ್ವಂತ ಗಾಡಿಯಲ್ಲೇ ಹೋಗಬಹುದು ಎನ್ನುತ್ತಾರೆ ಹಲವರು. ಆದರೆ ಲಾರಿ, ಬಸ್ಸುಗಳ ನಡುವೆ ಅಷ್ಟು ದೂರ ಸ್ಕೂಟರ್ ಓಡಿಸಿ, ಅಲ್ಲಿಗೆ ಹೋಗುವಷ್ಟರಲ್ಲೇ ಸೊಂಟ ಹಿಡಿದುಕೊಂಡರೆ ಗಿರಿ ನೋಡುವುದು ಯಾವಾಗ? ಬೇಲೂರು ಮೇಲೆ ಬಸ್ಸುಗಳು ಬೇಕಾದಷ್ಟಿವೆ. ಬಸ್ಸಲ್ಲಿ ಹೋಗಿ, ಅಲ್ಲೇ ಗಾಡಿ ಹಿಡಿಯುವುದು ನನಗೆ ಸರಿ ಅನಿಸಿದೆ. ಬೆಂಗಳೂರು ಕಡೆಯಿಂದ ಬರುವವರಿಗೂ ಇದೇ ಮಾತು.

ಗಾಡಿ ಮುಟ್ಟುವ ಮೊದಲು ನಂಬರ್ ಪ್ಲೇಟ್ ನೋಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ ಕೊಡಲೆಂದೇ ನೋಂದಣಿಯಾದ ಗಾಡಿ. ಬಿಳಿ ಬೋರ್ಡ್ ಆದರೆ ಯಾರದೋ ಮನೆ ಗಾಡಿ. ನೂರಿನ್ನೂರು ಕಡಿಮೆಗೆ ಸಿಗಬಹುದು. ಆದರೆ ಏನಾದರೂ ಆದರೆ, ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸಿದ್ದೀರಿ ಎಂದು ವಿಮೆಯವರು ಕೈತೊಳೆದುಕೊಳ್ಳಬಹುದು. ಆಮೇಲೆ ಅಂಗಡಿಯವನೂ ಇರುವುದಿಲ್ಲ, ವಿಮೆಯೂ ಇರುವುದಿಲ್ಲ, ನೀವಿಬ್ಬರೇ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ವಿಮೆ, ಹೊಗೆ ತಪಾಸಣೆ ಎಲ್ಲ ಎಂದಿನವರೆಗೆ ಇದೆ ಅಂತ ತೋರಿಸುತ್ತದೆ. ಎರಡು ನಿಮಿಷದ ಕೆಲಸ. ಅಂಗಡಿಯವರ ಎದುರೇ ನೋಡಿ, ಸಂಕೋಚ ಬೇಡ.

ಲೈಸೆನ್ಸ್ ವಿಷಯದಲ್ಲಿ ಒಂದು ಗೊಂದಲ ತುಂಬಾ ಜನರಿಗಿದೆ. ಕಾರಿನ ಲೈಸೆನ್ಸ್ ಮಾತ್ರ ಇದ್ದರೆ ಸ್ಕೂಟರ್ ಓಡಿಸುವಂತಿಲ್ಲ. ದ್ವಿಚಕ್ರ ವಾಹನದ ಲೈಸೆನ್ಸ್ ಬೇರೆಯೇ ಇರಬೇಕು. ಕಾರ್ಡ್‌ನಲ್ಲಿ ಅದು ನಮೂದಾಗಿದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ. ಕೆಲವು ಅಂಗಡಿಗಳು ಮೂಲ ಕಾರ್ಡನ್ನೇ ಇಟ್ಟುಕೊಳ್ಳುತ್ತವೆ. ಆಗ ಡಿಜಿಲಾಕರ್‌ನಲ್ಲಿ ಅದನ್ನು ಮೊದಲೇ ಇಳಿಸಿಟ್ಟುಕೊಂಡಿರಿ, ಪೊಲೀಸರಿಗೆ ಅದನ್ನೇ ತೋರಿಸಬಹುದು. ಆಧಾರ್ ಮೂಲ ಕಾರ್ಡ್ ಕೇಳಿದರೆ ಮಾತ್ರ ನಾನು ಕೊಡುವುದಿಲ್ಲ. ಜೆರಾಕ್ಸ್ ಕೊಡಿ, ಅದರ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು ಅಂತ ಬರೆದು ಸಹಿ ಹಾಕಿ.

ಬಾಡಿಗೆ ನಾನು ವಿಚಾರಿಸಿದ ಕಡೆಯೆಲ್ಲ ದಿನಕ್ಕೆ 500ರಿಂದ 800 ರೂಪಾಯಿ ಒಳಗೆ ಇತ್ತು. ಶನಿವಾರ, ಭಾನುವಾರ ಜಾಸ್ತಿ. ಡೆಪಾಸಿಟ್ ಬೇರೆ. ದಿನ ಅಂದರೆ 24 ಗಂಟೆಯೋ, ಸಂಜೆಯವರೆಗೋ ಕೇಳಿ. ಇಷ್ಟು ಕಿಲೋಮೀಟರ್ ದಾಟಿದರೆ ಹೆಚ್ಚುವರಿ ದುಡ್ಡು ಎಂಬ ಕರಾರು ಇದೆಯೋ ಕೇಳಿ. ಎಲ್ಲಕ್ಕಿಂತ ಮುಖ್ಯ, ಗಿರಿಗೆ ಒಯ್ಯಲು ಒಪ್ಪಿಗೆ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಕರಾರಿನ ಪತ್ರದಲ್ಲಿ ಸಣ್ಣ ಅಕ್ಷರದಲ್ಲಿ ಬೇಡ ಅಂತ ಇದ್ದು, ಬಾಯಿಮಾತಲ್ಲಿ "ಹೋಗಿ ಬನ್ನಿ ಸರ್" ಎನ್ನುವವರಿದ್ದಾರೆ.

ಗಾಡಿಯ ಸುತ್ತ ಒಂದು ಸುತ್ತು ವಿಡಿಯೊ ಮಾಡಿ. ಕನ್ನಡಿ, ಇಂಡಿಕೇಟರ್, ಸೈಲೆನ್ಸರ್ ಮೇಲಿನ ಗೀರು, ಪೆಟ್ರೋಲ್ ಮುಳ್ಳು ಎಲ್ಲ ಬರಲಿ. ಹಿಂದೊಮ್ಮೆ ಒಂದು ಅಂಗಡಿಯಲ್ಲಿ ಹಳೇ ಗೀರಿಗೆ ನಮ್ಮ ಹತ್ತಿರ ದುಡ್ಡು ಕೇಳಿದ್ದರು. ವಿಡಿಯೊ ತೋರಿಸಿದ ಕೂಡಲೇ "ಹೋಗ್ಲಿ ಬಿಡಿ ಅಣ್ಣ" ಆಯಿತು.

ಆಮೇಲೆ ಬ್ರೇಕ್. ಖಾಲಿ ರಸ್ತೆಯಲ್ಲಿ ಓಡಿಸಿ, ಎರಡನ್ನೂ ಬೇರೆಬೇರೆ ಹಿಡಿದು ನೋಡಿ. ಲಿವರ್ ಹ್ಯಾಂಡಲ್‌ವರೆಗೂ ಬಂದರೆ ಆ ಗಾಡಿ ಬೇಡ. ಹಿಂದಿನ ಟೈರ್ ನುಣ್ಣಗಿದ್ದರೂ ಬೇಡ. ಇಬ್ಬರಿದ್ದರೆ 125 ಸಿಸಿ ಕೇಳಿ. ಹತ್ತುವಾಗ ಜೀವ ಇರುತ್ತದೆ. ಮುಂದೆ ಡಿಸ್ಕ್ ಬ್ರೇಕ್ ಇರುವುದು ಸಿಕ್ಕರೆ ನೂರು ರೂಪಾಯಿ ಜಾಸ್ತಿ ಆದರೂ ಕೊಡಿ. ಹೆಲ್ಮೆಟ್ ಇಬ್ಬರಿಗೂ ಬೇಕು. ಅಂಗಡಿಯವರು ಕೊಡುವ ಎರಡನೆಯದು ಹೆಚ್ಚಾಗಿ ಟೋಪಿ ಥರ ಇರುತ್ತದೆ. ಐಎಸ್‌ಐ ಗುರುತು ಇರುವ ನಮ್ಮದೇ ಒಂದನ್ನು ನಾವು ಹಾಸನದಿಂದ ಹೊತ್ತುಕೊಂಡು ಹೋಗುತ್ತೇವೆ.

ಇನ್ನು ಗಿರಿ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಮೊದಲಿನಂತೆ ಮನಸ್ಸು ಬಂದಾಗ ಹೊರಟರೆ ಆಗುವುದಿಲ್ಲ. ಜಿಲ್ಲಾಡಳಿತ ಗಾಡಿಗಳಿಗೆ ಆನ್‌ಲೈನ್‌ನಲ್ಲಿ ಮುಂಗಡ ಬುಕಿಂಗ್ ತಂದಿದೆ. ಬೆಳಿಗ್ಗೆ, ಮಧ್ಯಾಹ್ನ ಎಂದು ಎರಡು ಪಾಳಿ. ಬಾಡಿಗೆಗೆ ತೆಗೆದುಕೊಳ್ಳುವವರು ಹಿಂದಿನ ದಿನವೇ ಅಂಗಡಿಗೆ ಫೋನ್ ಮಾಡಿ ಗಾಡಿ ನಂಬರ್ ಕೇಳಿಟ್ಟುಕೊಂಡರೆ ಒಳ್ಳೆಯದು. ಬೆಳಗಿನ ಪಾಳಿಯೇ ಸಿಗಲಿ ಅಂತ ನೋಡಿ. ಡಿಸೆಂಬರ್‌ನಲ್ಲಿ ದತ್ತಜಯಂತಿ ಹೊತ್ತಿಗೆ ಕೆಲವು ದಿನ ಪ್ರವಾಸಿಗರನ್ನು ಗಿರಿಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದರೂ ಅಷ್ಟೆ. ರಜೆ ಹಾಕುವ ಮೊದಲು ವಿಚಾರಿಸಿ.

ಪೆಟ್ರೋಲ್ ಊರಲ್ಲೇ ತುಂಬಿಸಿ. ಬಾಡಿಗೆ ಗಾಡಿ ಕೈಗೆ ಬರುವುದು ಮುಳ್ಳು ಕೆಂಪಿನಲ್ಲಿದ್ದಾಗಲೇ. ಕೈಮರ ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಫಿ ತೋಟದ ನಡುವೆ ರಸ್ತೆ ಏರುತ್ತದೆ. ಮರದ ನೆರಳಿನ ತಿರುವುಗಳಲ್ಲಿ ಮಳೆ ನಿಂತು ಎಷ್ಟು ಹೊತ್ತಾದರೂ ರಸ್ತೆ ಒಣಗಿರುವುದಿಲ್ಲ. ಎಲೆ ಬಿದ್ದು ಕೊಳೆತಿರುತ್ತದೆ, ಅಂಚಿನಲ್ಲಿ ಪಾಚಿ. ಅಲ್ಲಿ ಬ್ರೇಕ್ ಹಿಡಿಯಬೇಡಿ, ತಿರುವಿಗೆ ಮೊದಲೇ ನಿಧಾನ ಮಾಡಿ. ಕವಿಕಲ್ ಗಂಡಿ ಹತ್ತಿರ ಬಂದರೆ ಮರಗಳು ಮುಗಿದು ಹುಲ್ಲುಗುಡ್ಡ ತೆರೆದುಕೊಳ್ಳುತ್ತದೆ. ಗಾಳಿಯೂ ತೆರೆದುಕೊಳ್ಳುತ್ತದೆ! ಸೀತಾಳಯ್ಯನಗಿರಿಯಲ್ಲಿ ಜುಲೈ ಗಾಳಿಗೆ ಸೈಡ್ ಸ್ಟ್ಯಾಂಡ್ ಹಾಕಿದ ಸ್ಕೂಟರ್ ಸಾಲಾಗಿ ಬೀಳುವುದನ್ನು ನೋಡಿದ್ದೇನೆ. ಗೋಡೆಯ ಮರೆ ಸಿಕ್ಕರೆ ಅಲ್ಲೇ ನಿಲ್ಲಿಸಿ. ಅಲ್ಲಿಂದ ಮುಳ್ಳಯ್ಯನಗಿರಿ ಕಡೆಗಿನ ರಸ್ತೆ ತೀರಾ ಕಿರಿದು. ಎದುರಿಗೆ ಜೀಪು ಬಂದರೆ ಒಬ್ಬರು ನಿಲ್ಲಲೇಬೇಕು. ಹತ್ತುವವರಿಗೆ ದಾರಿ ಬಿಡುವುದು ನಿಯಮ. ಪಾಲಿಸುವವರು ಕಡಿಮೆ, ಹಾಗಾಗಿ ನೀವೇ ನಿಂತುಬಿಡಿ. ಕೊನೆಗೆ ಮೆಟ್ಟಿಲು ಹತ್ತಿದರೆ ದೇವಸ್ಥಾನ.

ಈಗ ಇಳಿಯುವ ವಿಷಯ. ಗೇರ್ ಇರುವ ಬೈಕ್‌ನಲ್ಲಿ ಎರಡನೇ ಗೇರಿಗೆ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಸ್ಕೂಟರ್‌ನಲ್ಲಿ ಆ ಅನುಕೂಲ ಇಲ್ಲ. ಆ್ಯಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ತುಂಬಾ ಕಡಿಮೆಯಾದರೆ ಒಳಗಿನ ಕ್ಲಚ್ ಬಿಟ್ಟುಕೊಳ್ಳುತ್ತದೆ. ಆಮೇಲೆ ಗಾಡಿ ಬಿಟ್ಟ ಬಂಡಿಯಂತೆ ಉರುಳುತ್ತದೆ, ಭಾರವೆಲ್ಲ ಬ್ರೇಕ್ ಮೇಲೆ. ಹಾಗಾದಾಗ ಆ್ಯಕ್ಸಿಲರೇಟರನ್ನು ಒಂದು ಚೂರು ತಿರುಗಿಸಿ ಬಿಡಿ. ಕ್ಲಚ್ ಮತ್ತೆ ಕಚ್ಚಿಕೊಳ್ಳುತ್ತದೆ, ಎಂಜಿನ್ ಸ್ವಲ್ಪವಾದರೂ ಎಳೆದು ಹಿಡಿಯುತ್ತದೆ. ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡು ಬರಬೇಡಿ. ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ. ಬಿಟ್ಟಾಗ ಅದಕ್ಕೆ ಗಾಳಿಯಾಡುತ್ತದೆ. 2019ರ ಏಪ್ರಿಲ್ ನಂತರದ 125 ಸಿಸಿವರೆಗಿನ ಸ್ಕೂಟರ್‌ಗಳಲ್ಲಿ ಎಡಗೈ ಲಿವರ್ ಹಿಡಿದರೆ ಹೆಚ್ಚಾಗಿ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ಅದೊಂದನ್ನೇ ನಂಬದೆ ಎರಡೂ ಕೈ ಬಳಸಿ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಯುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಹತ್ತು ರೂಪಾಯಿ ಉಳಿಯುತ್ತೇನೋ, ಅಷ್ಟೆ.

ಒಮ್ಮೆ ಇಳಿಯುವಾಗ ಹಿಂದೆ ಕೂತಿದ್ದ ನನ್ನ ಹೆಂಡತಿ, "ರೀ, ಏನೋ ಸುಟ್ಟ ವಾಸನೆ, ನಮ್ಮದಾ?" ಎಂದಳು. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ನಮ್ಮದಲ್ಲ. ಮುಂದಿನ ತಿರುವಿನಲ್ಲಿ ಒಂದು ಕಾರು ನಿಂತಿತ್ತು, ಚಕ್ರದಿಂದ ಹೊಗೆ. ಅದರ ಚಾಲಕ ಚಕ್ರಕ್ಕೆ ನೀರು ಸುರಿಯಲು ಬಾಟಲಿ ಹಿಡಿದಿದ್ದ. ಅಲ್ಲಿದ್ದ ಜೀಪಿನ ಹಿರಿಯರೊಬ್ಬರು, "ನೀರು ಹಾಕ್ಬೇಡಿ ಮಾರಾಯ್ರೆ, ಸುಮ್ನೆ ಕಾಲು ಗಂಟೆ ಬಿಡಿ" ಎಂದರು. ಸ್ಕೂಟರ್‌ಗೂ ಅದೇ ಔಷಧ. ವಾಸನೆ ಬಂದರೆ, ಬ್ರೇಕ್ ಮೆತ್ತಗಾಯಿತು ಅನಿಸಿದರೆ, ನಿಂತುಬಿಡಿ. ಹೊನ್ನಮ್ಮನ ಹಳ್ಳದ ಜಲಪಾತ ರಸ್ತೆ ಬದಿಯಲ್ಲೇ ಇದೆ. ದತ್ತಪೀಠದಿಂದ ಇಳಿಯುವವರಿಗೆ ನಿಲ್ಲಲು ಒಳ್ಳೇ ನೆಪ. ಝರಿ ಜಲಪಾತಕ್ಕೆ ಮಾತ್ರ ಸ್ಕೂಟರ್ ಇಳಿಸಬೇಡಿ. ಆ ಕಲ್ಲುದಾರಿ ಜೀಪಿನದು, ಅತ್ತಿಗುಂಡಿ ಕಡೆ ಜೀಪು ಬಾಡಿಗೆಗೆ ಸಿಗುತ್ತವೆ.

ಮಂಜು ಕವಿದರೆ ಹೈಬೀಮ್ ಹಾಕಬೇಡಿ, ಬೆಳಕು ಮುಖಕ್ಕೇ ವಾಪಸ್ ಬರುತ್ತದೆ. ಲೋ ಬೀಮ್, ತಿರುವಿಗೆ ಒಂದು ಹಾರ್ನ್, ಎಡ ಅಂಚು. ಮೇಲೆ ಹಲವೆಡೆ ಫೋನ್ ಸಿಗ್ನಲ್ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಅಂಗಡಿಯವರ ನಂಬರನ್ನು ಹಿಂದೆ ಕೂತವರ ಫೋನಿನಲ್ಲೂ ಇಡಿ.

ನಿಜ ಹೇಳಬೇಕೆಂದರೆ, ಬಾಡಿಗೆ ಸ್ಕೂಟರ್‌ಗೆ ಹೇಳಿ ಮಾಡಿಸಿದ ದಾರಿ ಗಿರಿಯಲ್ಲ, ಬಯಲು ಕಡೆಯದು. ಚಿಕ್ಕಮಗಳೂರಿನಿಂದ ಬೇಲೂರು 25 ಕಿಲೋಮೀಟರ್. ಅಲ್ಲಿಂದ ಹಳೇಬೀಡು 16. ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ಮುಂದೆ ಬೆಳವಾಡಿ. ಬೆಳವಾಡಿಯಿಂದ ನೇರ ಚಿಕ್ಕಮಗಳೂರಿಗೆ ವಾಪಸ್. ಒಂದು ಸುತ್ತಿಗೆ ಎಂಬತ್ತು ಕಿಲೋಮೀಟರ್ ಆಸುಪಾಸು. ರಸ್ತೆ ಹದವಾಗಿದೆ, ಹಂಪ್‌ಗಳನ್ನು ಬಿಟ್ಟರೆ. ಊರು ಊರಿಗೂ ಹಂಪ್, ಕೆಲವಕ್ಕೆ ಬಣ್ಣವೇ ಇಲ್ಲ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು, ಜನ ಇದ್ದೇ ಇರುತ್ತಾರೆ. ಬೆಳವಾಡಿಯ ವೀರನಾರಾಯಣ ದೇವಸ್ಥಾನದಲ್ಲಿ ಮಾತ್ರ ಎಷ್ಟೋ ಸಲ ನಾವು, ಅರ್ಚಕರು, ಎರಡು ಪಾರಿವಾಳ ಅಷ್ಟೇ. ಮೂರು ಗರ್ಭಗುಡಿ. ಗಂಟೆಯಾಕಾರದ ಕಂಬಗಳು ಎಷ್ಟು ನುಣುಪು ಅಂದರೆ ಮುಖ ಕಾಣುತ್ತದೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂದು ಊರವರು ನಂಬುತ್ತಾರೆ. ಕಾರಿನಲ್ಲಿ ಬರುವವರು ಇದನ್ನು ಬಿಟ್ಟು ಹೋಗುವುದು ಯಾಕೋ ಗೊತ್ತಿಲ್ಲ.

ಗುಡಿ ಸುತ್ತುವಾಗ ಹೆಲ್ಮೆಟ್ ಒಂದು ತಲೆನೋವು. ಸೀಟಿನ ಕೆಳಗೆ ಒಂದು ಹಿಡಿದರೆ ಹೆಚ್ಚು. ಸಣ್ಣ ಕೇಬಲ್ ಬೀಗ ತಂದರೆ ಎರಡನ್ನೂ ಗಾಡಿಗೇ ಕಟ್ಟಬಹುದು. ಮಧ್ಯಾಹ್ನ ಹಳೇಬೀಡಿನ ಕಲ್ಲು ಕಾಲು ಸುಡುತ್ತದೆ, ಸಾಕ್ಸ್ ಇರಲಿ.

ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ನೀರುದೋಸೆಗೆ ಹೋಗುವವರು ಹೋಗಿ, ಐವತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿಯುವ ಆಸೆ ಬೇಡ. ಮಳೆ, ಮಂಜು, ಲಾರಿ ಮೂರೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಬೇಲೂರು ತಾಲ್ಲೂಕಿನ ಬಿಕ್ಕೋಡು ಕಡೆ, ಮೂಡಿಗೆರೆ, ಆಲ್ದೂರು ಕಡೆಯ ತೋಟದ ರಸ್ತೆಗಳಲ್ಲಿ ಆನೆ ಓಡಾಟ ಇದೆ. ಬೆಳಗಿನ ಜಾವ ಮತ್ತು ಸಂಜೆ ಕತ್ತಲಾದ ಮೇಲೆ ಆ ಕಡೆ ಸ್ಕೂಟರ್ ಬೇಡ. ದಾರಿಯಲ್ಲಿ ತೋಟದ ಕೆಲಸದವರು ಕೈ ಅಡ್ಡ ಹಿಡಿದು "ಮುಂದೆ ಹೋಗ್ಬೇಡಿ" ಎಂದರೆ ಯಾಕೆ ಅಂತ ವಾದ ಮಾಡದೆ ತಿರುಗಿಸಿ.

ಗಾಡಿ ವಾಪಸ್ ಕೊಡುವಾಗ ಬೆಳಕಿರುವಾಗಲೇ ಹೋಗಿ. ಮತ್ತೊಂದು ವಿಡಿಯೊ ಮಾಡಿ. ಕ್ಯಾಮೆರಾ ದಂಡದ ನೋಟಿಸ್ ಆಮೇಲೆ ಬರಬಹುದು, ಹಾಗಾಗಿ ಗಾಡಿ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ನಿಮ್ಮ ಕೈಯಲ್ಲಿತ್ತು ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ಡೆಪಾಸಿಟ್ "ಸಂಜೆ ಹಾಕ್ತೀವಿ" ಎಂದರೆ ಒಪ್ಪಬೇಡಿ. ದುಡ್ಡು ಫೋನಿಗೆ ಬಂದ ಮೇಲೆ ಕೀಲಿ ಕೊಡಿ, ಹಾಸನದ ಬಸ್ಸು ಇನ್ನೊಂದು ಬರುತ್ತದೆ.