ಕಿಸುಮುಗೆ ಹೊರಡುವ ಮುಂಚೆ

ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಸಂಜೆ ಅಮ್ಮನ ಉಳಿತಾಯ ಸಂಘ ಸೇರುತ್ತದೆ. ಹದಿನೈದು ಹೆಂಗಸರು, ಎರಡು ಚಾಪೆ, ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಉದ್ದನೆಯ ಲೆಕ್ಕದ ಪುಸ್ತಕ. ಆ ಪುಸ್ತಕಕ್ಕೆ ಗೆರೆ ಹಾಕಿಕೊಡುವುದು ಚಿಕ್ಕಂದಿನಿಂದ ನನ್ನ ಕೆಲಸ. 2025ರ ಜನವರಿಯಲ್ಲಿ ಕೀನ್ಯಾ ದೇಶದ ಕಿಸುಮು ಊರಿನಿಂದ ಒಂದು ಗಂಟೆ ದೂರದ ಹಳ್ಳಿಯಲ್ಲಿ, ಮಾವಿನ ಮರದ ಕೆಳಗೆ, ಮತ್ತೆ ಅಂಥದ್ದೇ ಪೆಟ್ಟಿಗೆ ನೋಡಿದೆ. ಅದೇ ತರಹ ಸುತ್ತ ಕೂತ ಹೆಂಗಸರು, ಅದೇ ತರಹ ನೋಟು ಎಣಿಸುವ ಬೆರಳುಗಳು. ಸಂಘಕ್ಕೆ ಅವರು ‘ಚಾಮಾ’ ಅನ್ನುತ್ತಾರೆ.

ನಾನು ಮಲ್ಲೇಶ್ವರದ ಒಂದು ಆಡಿಟರ್ ಆಫೀಸಿನಲ್ಲಿ ನಾಲ್ಕು ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಮೂರು ತಿಂಗಳ ರಜೆ ಕೇಳಿ, ಕಿಸುಮುವಿನ ಒಂದು ಸಣ್ಣ ಸಂಸ್ಥೆಗೆ ಹನ್ನೊಂದು ವಾರ ವಾಲಂಟಿಯರ್ ಆಗಿ ಹೋಗಿದ್ದೆ. ಸಂಸ್ಥೆ ಅಂದರೆ ಐದು ಜನ, ಎರಡು ಕೋಣೆ. ಹೆಂಗಸರ ಉಳಿತಾಯ ಗುಂಪುಗಳನ್ನು ಕಟ್ಟಿ ನಿಲ್ಲಿಸುವುದು ಅವರ ಕೆಲಸ. ವಾಪಸ್ ಬಂದ ಮೇಲೆ ಗೆಳತಿಯರು, ಅವರ ತಮ್ಮಂದಿರು, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದುವ ಹುಡುಗರು ಕೇಳುತ್ತಲೇ ಇದ್ದಾರೆ. ಹೇಗೆ ಹೋಗೋದು? ಎಷ್ಟು ಖರ್ಚಾಗುತ್ತೆ? ಖಂಡಿತ ಹೋಗಬಹುದು. ಆದರೆ ಟಿಕೆಟ್ ನೋಡುವ ಮುಂಚೆ ಎರಡು ಮಾತು ಕೇಳಿಕೊಳ್ಳಿ. ಅಲ್ಲಿ ನಾನು ಮಾಡುವ ಕೆಲಸ ಯಾವುದು? ನಾನು ಹೊರಟ ಮೇಲೆ ಅದನ್ನು ಯಾರು ಮುಂದುವರಿಸುತ್ತಾರೆ?

ನನಗೆ ಇದು ಹೊಳೆದಿದ್ದು ಒಂದು ಪೆಟ್ಟು ತಿಂದ ಮೇಲೆ. ಹೋಗುವ ಒಂದು ವರ್ಷ ಮುಂಚೆ ಒಂದು ಮಧ್ಯವರ್ತಿ ಕಂಪನಿಗೆ ನೋಂದಣಿ ಶುಲ್ಕ ಅಂತ 25 ಸಾವಿರ ರೂಪಾಯಿ ಕಟ್ಟಿದ್ದೆ. ಅವರು ಕಳಿಸಿದ ಫೋಟೋಗಳ ತುಂಬಾ ಅನಾಥಾಶ್ರಮದ ಮಕ್ಕಳು. ನನ್ನ ಕೆಲಸ ಏನು ಅಂತ ಕೇಳಿದೆ. ಮಕ್ಕಳ ಜೊತೆ ಆಡೋದು, ಪ್ರೀತಿ ಕೊಡೋದು ಅಂದರು. ನನ್ನ ದುಡ್ಡಿನಲ್ಲಿ ಎಷ್ಟು ಆಶ್ರಮಕ್ಕೆ ಹೋಗುತ್ತೆ ಅಂದಾಗ ಉತ್ತರವೇ ಬರಲಿಲ್ಲ. ನಾನು ಹೋಗಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಆಮೇಲೆ ಓದುತ್ತಾ ಹೋದಾಗ ಇನ್ನೂ ಬೇಜಾರಾಯಿತು. ಇಂಥ ಆಶ್ರಮಗಳಲ್ಲಿರುವ ಬಹಳಷ್ಟು ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಇದ್ದಾರೆ. ವಿದೇಶದವರು ಬಂದರೆ ದುಡ್ಡು ಬರುತ್ತೆ ಅಂತಲೇ ಮಕ್ಕಳನ್ನು ಮನೆಯಿಂದ ಕರೆತಂದು ಇಟ್ಟುಕೊಳ್ಳುವವರಿದ್ದಾರೆ. 2017ರಲ್ಲಿ ಕೀನ್ಯಾ ಸರ್ಕಾರ ಹೊಸ ಮಕ್ಕಳ ಆಶ್ರಮಗಳ ನೋಂದಣಿಯನ್ನೇ ನಿಲ್ಲಿಸಿತು. ಒಂದು ಮಗು ಹತ್ತು ವಾರ ನಮ್ಮನ್ನು ಹಚ್ಚಿಕೊಂಡ ಮೇಲೆ ನಾವು ಎದ್ದು ಬಂದರೆ ಅದರ ಗತಿ ಏನು? ದಯವಿಟ್ಟು ಅನಾಥಾಶ್ರಮದ ಕೆಲಸ ಮಾತ್ರ ಒಪ್ಪಬೇಡಿ.

ಎರಡನೇ ಸಲ ಮಧ್ಯವರ್ತಿ ಇಲ್ಲದೆ ನೇರವಾಗಿ ಸಂಸ್ಥೆಗೇ ಬರೆದೆ. ನನಗೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಬರುತ್ತೆ, ಲೆಕ್ಕ ಬರುತ್ತೆ, ಸಂಘದ ಪುಸ್ತಕ ಗೊತ್ತು, ನಿಮಗೆ ಇದರಲ್ಲಿ ಏನು ಬೇಕು ಅಂತ ಕೇಳಿದೆ. ಮೂರು ವಾರ ಬಿಟ್ಟು ಉತ್ತರ ಬಂತು. ಸಣ್ಣ ಸಂಸ್ಥೆಗಳಲ್ಲಿ ಪತ್ರಕ್ಕೆ ಉತ್ತರ ಬರೆಯೋಕೆ ಅಂತ ಬೇರೆ ಜನ ಇರುವುದಿಲ್ಲ, ತಾಳ್ಮೆ ಇರಲಿ. ಅವರ ನೋಂದಣಿ ಪತ್ರದ ಪ್ರತಿ ತರಿಸಿಕೊಳ್ಳಿ. ಕೀನ್ಯಾದಲ್ಲಿ 2013ರ ಸಾರ್ವಜನಿಕ ಹಿತದ ಸಂಸ್ಥೆಗಳ ಕಾಯ್ದೆ ಜಾರಿಗೆ ಬಂದಿದ್ದು 2024ರ ಮೇ ತಿಂಗಳಲ್ಲಿ. ಹಾಗಾಗಿ ಕೆಲವರ ಕೈಯಲ್ಲಿ ಹಳೆಯ ಕಾಯ್ದೆಯ ಕಾಗದವೇ ಇರಬಹುದು. ಅದು ಮೋಸ ಅಂತ ಅಂದುಕೊಳ್ಳಬೇಡಿ, ಕೇಳಿ ತಿಳಿದುಕೊಳ್ಳಿ. ಹಿಂದೆ ಹೋಗಿದ್ದ ವಾಲಂಟಿಯರ್ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಲೇಬೇಕು. ಇಂಟರ್ನ್ ಆಗಿ ಹೋಗುವ ವಿದ್ಯಾರ್ಥಿಗಳು, ಕಾಲೇಜಿನ ಫೀಲ್ಡ್‌ವರ್ಕ್ ಪುಸ್ತಕಕ್ಕೆ ಅಲ್ಲಿ ಯಾರು ಸಹಿ ಹಾಕುತ್ತಾರೆ ಅನ್ನುವುದನ್ನು ಮೊದಲೇ ಬರಹದಲ್ಲಿ ತಗೊಳ್ಳಿ.

ಅಲ್ಲಿಗೆ ಹೋಗುವ ಮುಂಚೆ ಇಲ್ಲಿ ಸ್ವಲ್ಪ ದಿನ ಕೆಲಸ ಮಾಡಿ. ನಮ್ಮ ಬೆಂಗಳೂರು ಈ ವಿಷಯದಲ್ಲಿ ಸಣ್ಣ ಊರಲ್ಲ. ಸ್ವಸಹಾಯ ಗುಂಪು ಅನ್ನುವುದು ನಮ್ಮ ದೇಶದಲ್ಲಿ ಬೇರು ಬಿಟ್ಟಿದ್ದರಲ್ಲಿ ಇಲ್ಲಿಯದೇ ಸಂಸ್ಥೆ ಮೈರಾಡ 1980ರ ದಶಕದಲ್ಲಿ ಮಾಡಿದ ಕೆಲಸದ ಪಾಲು ದೊಡ್ಡದು. 1992ರಲ್ಲಿ ಕೃಷಿ, ಗ್ರಾಮೀಣ ಅಭಿವೃದ್ಧಿಯ ಬ್ಯಾಂಕ್ ನಬಾರ್ಡ್ ಈ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿತು. ನಾನು ಎರಡು ತಿಂಗಳು ಶನಿವಾರ ಶನಿವಾರ ಮಾಗಡಿ ಕಡೆಯ ಸಂಘಗಳ ಜೊತೆ ಕೂತೆ. ಸಾಲ ಕಟ್ಟಲಾಗದವರ ಹತ್ತಿರ ಉಳಿದವರು ಹೇಗೆ ಮಾತಾಡುತ್ತಾರೆ ಅಂತ ಕೇಳಿಸಿಕೊಂಡೆ. ಕಿಸುಮುನಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅದೇ.

ಕಾಗದ ಪತ್ರದ ವಿಷಯ. ಕೀನ್ಯಾಗೆ 2024ರ ಜನವರಿಯಿಂದ ವೀಸಾ ಬದಲು ಇಟಿಎ ಅನ್ನುವ ಆನ್‌ಲೈನ್ ಅನುಮತಿ ಬಂದಿದೆ. ಎರಡು ವಾರ ಮುಂಚೆ ಹಾಕಿದರೆ ನಿಶ್ಚಿಂತೆ. ಆದರೆ ಅದು ಊರು ನೋಡಲು ಬರುವವರ ಅನುಮತಿ. ಸಂಬಳ ಇಲ್ಲದಿದ್ದರೂ ವಾಲಂಟಿಯರ್ ಕೆಲಸ ಕೆಲಸವೇ, ಅದಕ್ಕೆ ಬೇರೆ ಪಾಸ್ ಬೇಕು. ಕಡಿಮೆ ಅವಧಿಗೆ ಸ್ಪೆಷಲ್ ಪಾಸ್ ಕೊಡುತ್ತಾರೆ, ಅರ್ಜಿ ಹಾಕಬೇಕಾದ್ದು ಸಂಸ್ಥೆ. ‘ಸುಮ್ನೆ ಟೂರಿಸ್ಟ್ ಅಂತ ಹೇಳಿ ಬಂದುಬಿಡಿ’ ಅನ್ನುವ ಸಂಸ್ಥೆಗೆ ಹೋಗಬೇಡಿ. ಸಿಕ್ಕಿಬಿದ್ದರೆ ನಾವು ವಿಮಾನ ಹತ್ತಿ ವಾಪಸ್ ಬರಬಹುದು, ಸಂಸ್ಥೆಯ ಹೆಸರು ಅಲ್ಲಿ ಕೆಡುತ್ತದೆ. ಪೊಲೀಸ್ ಕ್ಲಿಯರೆನ್ಸ್ ಪತ್ರವೂ ಬೇಕಾಯಿತು. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ, 500 ರೂಪಾಯಿ, ಲಾಲ್‌ಬಾಗ್ ರಸ್ತೆಯ ಕೇಂದ್ರಕ್ಕೆ ಒಂದು ಸಲ ಓಡಾಟ, ಅಷ್ಟೇ.

ಆರೋಗ್ಯದ ಮಾತು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಹಳದಿ ಜ್ವರದ ಲಸಿಕೆ ಬೇಕು. ಇದು ಅಲ್ಲಿಗಿಂತ ಜಾಸ್ತಿ ವಾಪಸ್ ಬರುವಾಗ ಬೇಕಾಗುವುದು. ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಕೀನ್ಯಾ ಇದೆ. ಅಲ್ಲಿಂದ ಬರುವವರ ಹತ್ತಿರ ಲಸಿಕೆಯ ಕಾರ್ಡ್ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು, ಆರು ದಿನದವರೆಗೆ ಬೇರೆ ಇಡಬಹುದು. ಲಸಿಕೆ ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ದಿನ ಗೊತ್ತು ಮಾಡಿಕೊಂಡು ಹೋಗಬೇಕು. ಹಾಕಿಸಿಕೊಂಡ ಹತ್ತು ದಿನದ ಮೇಲೆ ಕಾರ್ಡಿಗೆ ಬೆಲೆ ಬರುತ್ತದೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ, ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಬಿಡಿ.

ಇನ್ನು ಮಲೇರಿಯಾ. ಕಿಸುಮು ಇರುವುದು ವಿಕ್ಟೋರಿಯಾ ಸರೋವರದ ದಡದಲ್ಲಿ, ಆ ಭಾಗದಲ್ಲಿ ಮಲೇರಿಯಾ ಬಹಳ. ಹೊರಡುವ ಆರು ವಾರ ಮುಂಚೆ ಡಾಕ್ಟರನ್ನು ಕಂಡೆ. ಅವರು ನನಗೆ ಮಲೇರಿಯಾ ಬಾರದಂತೆ ಡಾಕ್ಸಿಸೈಕ್ಲಿನ್ ಅನ್ನುವ ಮಾತ್ರೆ ಬರೆದುಕೊಟ್ಟರು. ಹೋಗುವ ಒಂದೆರಡು ದಿನ ಮುಂಚೆ ಶುರು, ಅಲ್ಲಿದ್ದಷ್ಟು ದಿನ ದಿನಕ್ಕೊಂದು, ಬಂದ ಮೇಲೂ ನಾಲ್ಕು ವಾರ. ಈ ಕೊನೆಯ ನಾಲ್ಕು ವಾರವನ್ನೇ ಎಲ್ಲರೂ ಬಿಟ್ಟುಬಿಡುವುದು. ನಿಮಗೆ ಯಾವ ಮಾತ್ರೆ ಅನ್ನುವುದನ್ನು ಡಾಕ್ಟರೇ ಹೇಳಲಿ, ನನ್ನದನ್ನು ನೋಡಿ ತಗೊಳ್ಳಬೇಡಿ. ಮಾತ್ರೆ ನುಂಗಿದರೂ ಸೊಳ್ಳೆಪರದೆ ಬೇಕೇ ಬೇಕು. ಸರೋವರ ನೋಡಲು ಚೆಂದ, ಆದರೆ ದಡದ ನೀರಿಗೆ ಇಳಿಯಬೇಡಿ. ಅಲ್ಲಿನ ಬಸವನಹುಳುಗಳಿಂದ ಬಿಲ್ಹಾರ್ಜಿಯಾ ಅನ್ನುವ ಹುಳುವಿನ ಕಾಯಿಲೆ ನೀರಿಗೆ ಬಂದು, ಚರ್ಮದ ಮೂಲಕ ಒಳಗೆ ಹೋಗುತ್ತದೆ. ವಿಮೆ ಮಾಡಿಸುವಾಗ ಬೈಕ್ ಹಿಂದೆ ಕೂತು ಬಿದ್ದರೆ ದುಡ್ಡು ಬರುತ್ತಾ ಅಂತ ಕೇಳಿ. ಹಳ್ಳಿಗಳಿಗೆ ‘ಬೋಡಾ ಬೋಡಾ’ ಅನ್ನುವ ಬಾಡಿಗೆ ಬೈಕೇ ಗತಿ. ಬೆಂಗಳೂರಿನಿಂದ ಒಂದು ಹೆಲ್ಮೆಟ್ ಒಯ್ದಿದ್ದೆ, ಒಯ್ದಿದ್ದಕ್ಕೆ ಸಾರ್ಥಕವಾಯಿತು.

ಪ್ರಯಾಣ ಕಷ್ಟವೇನಲ್ಲ. ಬೆಂಗಳೂರಿನಿಂದ ಮುಂಬೈ, ಅಲ್ಲಿಂದ ಸುಮಾರು ಆರು ಗಂಟೆ ನೈರೋಬಿ, ಮಾರನೇ ದಿನ ಬಸ್ಸಿನಲ್ಲಿ ಕಿಸುಮು. ಒಂದು ಎಚ್ಚರ ಮಾತ್ರ ಹೇಳಬೇಕು. ಕೀನ್ಯಾ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕವರುಗಳನ್ನು ಪೂರ್ತಿ ನಿಷೇಧಿಸಿದೆ, ದಂಡ ಬಹಳ ದೊಡ್ಡದು. ಅಮ್ಮ ಚಟ್ನಿಪುಡಿ, ಹುರಿಟ್ಟು ಎಲ್ಲವನ್ನೂ ಕವರಿನಲ್ಲಿ ಕಟ್ಟಿಟ್ಟಿದ್ದರು. ಹಿಂದಿನ ರಾತ್ರಿ ಕೂತು ಎಲ್ಲವನ್ನೂ ಸ್ಟೀಲ್ ಡಬ್ಬಿಗೆ ತುಂಬಿದೆವು.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಹೆದರಿಕೆ ಜಾಸ್ತಿ, ಅಲ್ವಾ? ನನಗೂ ಇತ್ತು. ಅಲ್ಲಿಯ ದಿನದ ಊಟ ‘ಉಗಾಲಿ’, ಅಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಪಕ್ಕದಲ್ಲಿ ‘ಸುಕುಮಾ ವಿಕಿ’ ಅನ್ನುವ ಸೊಪ್ಪಿನ ಪಲ್ಯ. ಆ ಹೆಸರಿನ ಅರ್ಥ ‘ವಾರ ನೂಕು’ ಅಂತ, ದುಡ್ಡಿಲ್ಲದ ದಿನಗಳನ್ನು ದಾಟಿಸುವ ಸೊಪ್ಪು. ಹೆಸರುಕಾಳಿನ ಸಾರು, ಚಪಾತಿ, ಮೆಕ್ಕೆಜೋಳ, ಬೀನ್ಸ್ ಕಾಳು ಬೇಯಿಸಿದ ‘ಗಿಥೇರಿ’ ಎಲ್ಲ ಸಿಗುತ್ತದೆ. ಮೊದಲ ಬೆಳಿಗ್ಗೆ ನಾನು ಉಳಿದುಕೊಂಡಿದ್ದ ಮನೆಯವರು ಕೊಟ್ಟ ಗಂಜಿಯ ಬಣ್ಣ ನೋಡಿ ಸುಮ್ಮನೆ ಕೂತುಬಿಟ್ಟೆ. ಅದು ರಾಗಿ! ಅಲ್ಲಿ ‘ವಿಂಬಿ’ ಅನ್ನುತ್ತಾರೆ. ರಾಗಿ ಮೊದಲು ಬೆಳೆದದ್ದೇ ಪೂರ್ವ ಆಫ್ರಿಕಾದ ಎತ್ತರದ ಊರುಗಳಲ್ಲಿ, ನಮ್ಮ ಕಡೆಗೆ ಬಂದದ್ದು ಸಾವಿರಾರು ವರ್ಷದ ಹಿಂದೆ. ಇದನ್ನು ಹೇಳಿ ನಮ್ಮ ಮುದ್ದೆಯ ಫೋಟೋ ತೋರಿಸಿದಾಗ ಮನೆಯೊಡತಿಗೆ ಆದ ಖುಷಿ ನಾನು ಮರೆಯಲಾರೆ. ಅಲ್ಲಿ ಹೆಂಗಸರನ್ನು ಮಗುವಿನ ಹೆಸರು ಸೇರಿಸಿ ‘ಮಾಮಾ’ ಅಂತ ಕರೆಯುತ್ತಾರೆ, ನಮ್ಮಲ್ಲಿ ‘ಪುಟ್ಟನ ಅಮ್ಮ’ ಅಂದ ಹಾಗೆ. ನಾನು ಹುಟ್ಟಿದ್ದು ಬೆಳಿಗ್ಗೆ ಅಂತ ಗೊತ್ತಾದ ಮೇಲೆ ನನಗೆ ಅಕಿನ್ಯಿ ಅಂತ ಹೆಸರಿಟ್ಟರು. ಆ ಭಾಗದ ಲುವೋ ಜನರಲ್ಲಿ ಬೆಳಿಗ್ಗೆ ಹುಟ್ಟಿದ ಹೆಣ್ಣುಮಗಳ ಹೆಸರು ಅದು.

ಭಾಷೆಯೂ ಅಷ್ಟು ದೂರದ್ದಲ್ಲ. ಸ್ವಾಹಿಲಿಯಲ್ಲಿ ಚಾಯ್, ಚಪಾತಿ ಹಾಗೇ ಇವೆ. ಅಂಗಡಿಗೆ ದುಕಾ, ವಿಮೆಗೆ ಬಿಮಾ, ದುಡ್ಡಿಗೆ ಪೇಸಾ. ನಮ್ಮವರ ನಂಟೂ ಹಳೆಯದು. ಕಿಸುಮುವರೆಗೆ ರೈಲು ಬಂದಿದ್ದು 1901ರಲ್ಲಿ, ಆ ಹಳಿ ಹಾಕಲು ಬ್ರಿಟಿಷರು ಸುಮಾರು 32 ಸಾವಿರ ಭಾರತೀಯರನ್ನು ಕರೆದೊಯ್ದಿದ್ದರು. ದುಡ್ಡಿಗೆ ಅಲ್ಲಿ ಯುಪಿಐ ಬದಲು ಎಂ-ಪೇಸಾ ಇದೆ. 2007ರಲ್ಲೇ ಶುರುವಾಗಿದ್ದು, ಕೀಲಿ ಒತ್ತುವ ಹಳೆ ಫೋನಿನಲ್ಲೂ ನಡೆಯುತ್ತದೆ. ಪಾಸ್‌ಪೋರ್ಟ್ ತೋರಿಸಿ ಸಿಮ್ ತಗೊಂಡು ಮೊದಲ ದಿನವೇ ಮಾಡಿಸಿಕೊಳ್ಳಿ. ನಾನು ಹೋದಾಗ ಅಲ್ಲಿಯ ಒಂದು ಶಿಲ್ಲಿಂಗ್ ಅಂದರೆ ನಮ್ಮ 65–70 ಪೈಸೆ ಇತ್ತು. ಮನೆಯಲ್ಲಿ ಊಟ, ವಸತಿಗೆ ತಿಂಗಳಿಗೆ 20 ಸಾವಿರ ಶಿಲ್ಲಿಂಗ್ ಕೊಟ್ಟೆ. ಟಿಕೆಟ್, ವಿಮೆ, ಪಾಸ್ ಎಲ್ಲ ಸೇರಿ ನನಗಾದ ಖರ್ಚು ಸುಮಾರು 1.6 ಲಕ್ಷ ರೂಪಾಯಿ.

ಗಂಟೆಯ ಲೆಕ್ಕ ಒಂದು ಕಲಿಯಬೇಕು. ಸ್ವಾಹಿಲಿಯಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ‘ಮೂರು ಗಂಟೆಗೆ ಸಭೆ’ ಅಂತ ಹಳ್ಳಿಯ ಅಜ್ಜಿ ಹೇಳಿದ್ದನ್ನು ನಂಬಿ ಮಧ್ಯಾಹ್ನ ಹೋದೆ. ಸಭೆ ಬೆಳಿಗ್ಗೆ ಒಂಬತ್ತಕ್ಕೇ ಶುರುವಾಗಿ ಮುಗಿದಿತ್ತು. ಅಜ್ಜಿ ‘ಪೋಲೆ’ ಅಂದರು. ತಪ್ಪು ಯಾರದೇ ಇರಲಿ, ಎದುರಿನವರಿಗೆ ಕಷ್ಟ ಆದರೆ ಅಲ್ಲಿ ಈ ಮಾತು ಹೇಳುತ್ತಾರೆ.

ಕೆಲಸಕ್ಕೆ ಬರುತ್ತೇನೆ. ಮೊದಲ ಎರಡು ವಾರ ಚಾಮಾಗಳ ಲೆಕ್ಕಕ್ಕೆ ಎಕ್ಸೆಲ್ ಶೀಟ್ ಮಾಡಿದೆ. ಆಫೀಸಿನವರು ನೋಡಿ ಒಳ್ಳೆಯದಾಗಿದೆ ಅಂದರು. ಹಳ್ಳಿಗೆ ಹೋದರೆ ಖಜಾಂಚಿ ಹತ್ತಿರ ಕಂಪ್ಯೂಟರೂ ಇಲ್ಲ, ಮನೆಗೆ ಕರೆಂಟೂ ಇಲ್ಲ. ನಾನು ಹೊರಟ ಮಾರನೇ ದಿನ ಆ ಶೀಟ್ ಸಾಯುತ್ತಿತ್ತು. ಅದನ್ನು ಅಲ್ಲಿಗೇ ಬಿಟ್ಟು ಅವರ ಪದ್ಧತಿ ನೋಡುತ್ತಾ ಕೂತೆ. ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂವರು ಬೇರೆ ಬೇರೆ ಹೆಂಗಸರ ಹತ್ತಿರ. ಮೂವರೂ ಬಾರದೆ ಪೆಟ್ಟಿಗೆ ತೆರೆಯುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಅಂಕಿ ಬರೆಯುವ ಬದಲು, ಕೊಂಡ ಪ್ರತಿ ಪಾಲಿಗೆ ಒಂದು ಮುದ್ರೆ. ಓದಲು ಬಾರದವರೂ ತಮ್ಮ ದುಡ್ಡು ಎಣಿಸಿಕೊಳ್ಳಬಹುದು. ವರ್ಷದ ಕೊನೆಗೆ ಎಲ್ಲವನ್ನೂ ಹಂಚಿಕೊಂಡು ಮತ್ತೆ ಮೊದಲಿನಿಂದ ಶುರು. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಅನ್ನುವ ಅಂತರರಾಷ್ಟ್ರೀಯ ನೆರವಿನ ಸಂಸ್ಥೆ ಶುರು ಮಾಡಿದ ಪದ್ಧತಿ ಇದು. ನಮ್ಮ ಅಮ್ಮನ ಪೆಟ್ಟಿಗೆಗೆ ಇರುವುದು ಒಂದೇ ಕೀಲಿ, ಅದೂ ಅಮ್ಮನ ಸೆರಗಿನ ಗಂಟಿನಲ್ಲಿ. ಅಲ್ಲಿ ಕಷ್ಟ ಇದ್ದದ್ದು ಸಾಲದ ಪುಸ್ತಕದಲ್ಲಿ ಮಾತ್ರ. ಕಟ್ಟಿದ್ದು ಬರೆಯುತ್ತಿದ್ದರು, ಉಳಿದದ್ದು ಬರೆಯುತ್ತಿರಲಿಲ್ಲ. ಒಂದು ಕಾಲಂ ಸೇರಿಸಿದೆವು. ಆರು ಗುಂಪಿನ ಖಜಾಂಚಿಗಳ ಜೊತೆ ಏಳು ವಾರ ಕೂತು ಅದನ್ನು ರೂಢಿ ಮಾಡಿಸಿದೆ. ಕೊನೆಯ ಎರಡು ವಾರ ನಾನು ಪೆನ್ನು ಮುಟ್ಟಲಿಲ್ಲ, ಅವರೇ ಬರೆದರು. ಹನ್ನೊಂದು ವಾರದ ಕೆಲಸ ಅಂದರೆ ಅಷ್ಟೇ, ಒಂದು ಕಾಲಂ. ಅದು ಈಗಲೂ ನಡೆಯುತ್ತಿದೆ.

ಫೋಟೋ ತೆಗೆಯುವ ಮುಂಚೆ ಕೇಳಿ. ಮಕ್ಕಳ ಮುಖ ಹಾಕಲು ತಂದೆತಾಯಿಯ ಒಪ್ಪಿಗೆ ಬೇಕು ಅಂತ ಕೀನ್ಯಾದಲ್ಲಿ 2019ರಿಂದ ಕಾನೂನೇ ಇದೆ.

ವಾಪಸ್ ಬಂದು ಮೂರನೇ ವಾರ ನನಗೆ ಜ್ವರ ಬಂತು. ಪಕ್ಕದ ಕ್ಲಿನಿಕ್ಕಿನಲ್ಲಿ ವೈರಲ್ ಅಂತ ಮಾತ್ರೆ ಬರೆಯುವುದರಲ್ಲಿದ್ದರು. ಆಫ್ರಿಕಾದಿಂದ ಬಂದಿದ್ದೇನೆ ಅಂದ ತಕ್ಷಣ ರಕ್ತ ಪರೀಕ್ಷೆಗೆ ಕಳಿಸಿದರು. ಪುಣ್ಯಕ್ಕೆ ಮಲೇರಿಯಾ ಇರಲಿಲ್ಲ. ಆದರೆ ಅಲ್ಲಿಯ ಮಲೇರಿಯಾ ತಡವಾದರೆ ಜೀವಕ್ಕೇ ಅಪಾಯ. ಬಂದ ಮೇಲೆ ಒಂದು ವರ್ಷದ ತನಕ ಯಾವ ಜ್ವರ ಬಂದರೂ ಡಾಕ್ಟರಿಗೆ ಮೊದಲ ಮಾತು ಅದೇ ಆಗಿರಲಿ, ಅವರು ಕೇಳಲಿ ಅಂತ ಕಾಯಬೇಡಿ.

ಅಲ್ಲಿಂದ ಹೊರಡುವ ದಿನವೇ ಫೋನಿನ ಸಮಯ ಗೊತ್ತು ಮಾಡಿಕೊಂಡು ಬನ್ನಿ. ನಮ್ಮದು ಬುಧವಾರ ರಾತ್ರಿ ಎಂಟೂವರೆ. ಅಲ್ಲಿ ಸಂಜೆ ಆರು, ಅವರ ಲೆಕ್ಕದಲ್ಲಿ ಹನ್ನೆರಡು. ಮೊದಲ ತಿಂಗಳು ಖಜಾಂಚಿಯವರು ಪುಸ್ತಕದ ಪುಟ ಓದಿ ಹೇಳುತ್ತಿದ್ದರು, ನಾನು ಕೂಡಿಸಿ ನೋಡುತ್ತಿದ್ದೆ. ಈಗ ಲೆಕ್ಕದ ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಅಮ್ಮ ಫೋನ್ ಇಸಿದುಕೊಂಡು, ಮೂರು ಕೀಲಿಯಲ್ಲಿ ಒಂದು ಕಳೆದುಹೋದರೆ ಏನು ಮಾಡ್ತಾರೆ ಅಂತ ಕೇಳು ಅನ್ನುತ್ತಾರೆ.