ಬೆಟ್ಟದ ಮೇಲಿಂದ ಕುಶಾಲತೋಪು

ವಿಜಯದಶಮಿ ದಿನ ಮೈಸೂರಿನಲ್ಲಿ ಎಲ್ಲರೂ ಅರಮನೆ ಕಡೆಗೋ ಸಯ್ಯಾಜಿರಾವ್ ರಸ್ತೆ ಕಡೆಗೋ ಹೋಗುತ್ತಾರೆ. ಈ ಸಲ ನಾನು, ನನ್ನ ಅಕ್ಕನ ಮಗ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆವು. ಅವನು ಒಂಬತ್ತನೇ ಕ್ಲಾಸು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಅಂತ ಗಿಳಿಪಾಠ ಒಪ್ಪಿಸುತ್ತಿದ್ದ. ಒಪ್ಪಿಸೋದು ಬೇರೆ, ಕಣ್ಣಾರೆ ಕಂಡು ಕಿವಿಯಾರೆ ಕೇಳೋದು ಬೇರೆ ಅಲ್ವಾ? ಅದನ್ನು ತೋರಿಸೋಕೆ ಮೈಸೂರಿನಲ್ಲಿ ವರ್ಷಕ್ಕೊಮ್ಮೆ ಒಂದು ಒಳ್ಳೆ ಅವಕಾಶ ಸಿಗುತ್ತದೆ, ಅದೇ ಕುಶಾಲತೋಪು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಂಬಾರಿಯಲ್ಲಿರುವ ತಾಯಿ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಗುವಾಗ ಪೊಲೀಸ್ ಬ್ಯಾಂಡ್ ರಾಷ್ಟ್ರಗೀತೆ ನುಡಿಸುತ್ತದೆ. ಅದೇ ಹೊತ್ತಿಗೆ ಅರಮನೆ ಪಕ್ಕ ಫಿರಂಗಿಗಳಿಂದ 21 ಸುತ್ತು ತೋಪು ಹಾರಿಸುತ್ತಾರೆ. ಆನೆ ಕುದುರೆ ಬೆದರಬಾರದು ಅಂತ ದಸರಾಕ್ಕೆ ಮುಂಚೆಯೇ ಅವುಗಳ ಮುಂದೆ ತಾಲೀಮು ಕೂಡ ನಡೆಯುತ್ತದೆ. ಹತ್ತಿರದಲ್ಲಿ ನಿಂತು ಕೇಳಿದವರಿಗೆ ಎದೆಯೊಳಗೇ ಗುದ್ದಿದ ಹಾಗಾಗುತ್ತದೆ. ಅಲ್ಲಿ ಬೆಂಕಿ, ಹೊಗೆ, ಸದ್ದು ಎಲ್ಲ ಒಟ್ಟಿಗೆ. ವೇಗದ ವಿಚಾರ ತಲೆಗೆ ಬರೋದೇ ಇಲ್ಲ. ದೂರ ಹೋದಾಗಲೇ ಅವು ಬೇರೆ ಬೇರೆ ಆಗೋದು.

ನಾವು ನಿಂತ ಜಾಗದಿಂದ ಅರಮನೆ ನೇರವಾಗಿ ಅಳೆದರೆ ಮೂರೂವರೆ ಕಿಲೋಮೀಟರ್ ಹತ್ತಿರ. ಊರು ಪೂರ್ತಿ ಕಾಣುತ್ತಿತ್ತು. ಫಿರಂಗಿಗಳು ಕಾಣಲ್ಲ, ಮರ ಗೋಡೆ ಎಲ್ಲ ಅಡ್ಡ. ಕಾಣೋದು ಹೊಗೆ. ಹುಡುಗ ದುರ್ಬೀನು ಹಿಡಿದು ಕೂತಿದ್ದ, ನಾನು ಮೊಬೈಲನ್ನು ಕಲ್ಲಿಗೆ ಒರಗಿಸಿ ಕ್ಯಾಮೆರಾವನ್ನು ಪೂರ್ತಿ ಝೂಮ್ ಮಾಡಿ ವಿಡಿಯೋ ಹಾಕಿದ್ದೆ.

'ಮಾವ, ಬಂತು!' ಅಂದ. ಮರಗಳ ಮೇಲೆ ಬಿಳಿ ಹೊಗೆ ಉಂಡೆಯಾಗಿ ಎದ್ದಿತ್ತು. ಸದ್ದಿಲ್ಲ. ಅದು ಹರಡುವಷ್ಟರಲ್ಲಿ ಎರಡನೇ ಹೊಗೆ. ಆಮೇಲೆ ಮೂರನೇದು. ಇನ್ನೂ ಸದ್ದಿಲ್ಲ. ನಾಲ್ಕನೇ ಹೊಗೆ ಎದ್ದ ಮೇಲೆ 'ಧಂ' ಅಂತ ಮೊದಲನೇ ತೋಪಿನ ಸದ್ದು ಬೆಟ್ಟ ಮುಟ್ಟಿತು. ಆಗ ಅವನ ಮುಖ ನೋಡಬೇಕಿತ್ತು. ಕಣ್ಣಿಗೆ ಒಂದು ತೋಪು, ಕಿವಿಗೆ ಇನ್ನೊಂದು ತೋಪು. ರಾಷ್ಟ್ರಗೀತೆಯ 52 ಸೆಕೆಂಡಿನ ಆಸುಪಾಸಿನಲ್ಲೇ 21 ಸುತ್ತೂ ಮುಗಿಯಬೇಕು, ಅಂದರೆ ಎರಡೂವರೆ ಸೆಕೆಂಡಿಗೆ ಒಂದು. ಸದ್ದು ನಮ್ಮ ತನಕ ಬರೋಕೆ ಹತ್ತು ಸೆಕೆಂಡು ಬೇಕು. ಹಾಗಾಗಿ ಯಾವ ಹೊತ್ತಿಗೆ ನೋಡಿದರೂ ಮೂರ್ನಾಲ್ಕು ತೋಪಿನ ಸದ್ದು ಊರಿಗೂ ಬೆಟ್ಟಕ್ಕೂ ನಡುವೆ, ಗಾಳಿಯಲ್ಲಿ, ದಾರಿಯಲ್ಲಿರುತ್ತವೆ. ಕೊನೇ ಹೊಗೆ ಎದ್ದು ಎಲ್ಲ ಮುಗಿಯಿತು ಅಂದುಕೊಂಡ ಮೇಲೂ ಸದ್ದು ಒಂದಾದ ಮೇಲೊಂದು ಬರುತ್ತಲೇ ಇತ್ತು. ಶಬ್ದ ಅನ್ನೋದು ನಡೆದು ಬರುವ ವಸ್ತು ಅಂತ ನನಗೆ ಇಷ್ಟು ಸ್ಪಷ್ಟವಾಗಿ ಯಾವತ್ತೂ ಅನಿಸಿರಲಿಲ್ಲ.

ಪಕ್ಕದಲ್ಲಿ ಒಬ್ಬ ಹಿರಿಯರು ಮೊಬೈಲಿನಲ್ಲಿ ದಸರಾ ಲೈವ್ ನೋಡುತ್ತಾ ಕೂತಿದ್ದರು. ಬೆಟ್ಟಕ್ಕೆ ಸದ್ದು ಬಂದು ಎಷ್ಟೋ ಹೊತ್ತಾದ ಮೇಲೆ ಅವರ ಮೊಬೈಲಿನಲ್ಲಿ ಮೊದಲನೇ ತೋಪು ಹಾರಿತು. 'ಬೆಳಕಿನ ವೇಗದಲ್ಲಿ ಬರೋದು ಇದೇ ತಾನೇ, ಇದ್ಯಾಕೆ ಲೇಟು?' ಅಂತ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಸಿಗ್ನಲ್ ಬೆಳಕಿನ ವೇಗದಲ್ಲೇ ಬರುತ್ತದೆ. 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಹೋಗಿ ವಾಪಸ್ ಬಂದರೂ ಕಾಲು ಸೆಕೆಂಡು ಸಾಕು. ಹೊತ್ತು ಹಿಡಿಯೋದು ಚಿತ್ರವನ್ನು ಕುಗ್ಗಿಸಿ, ಚೂರು ಮಾಡಿ, ಕಳಿಸಿ, ಮೊಬೈಲಿನಲ್ಲಿ ಮತ್ತೆ ಕೂಡಿಸುವ ಕೆಲಸಕ್ಕೆ. ಹಳೇ ಕಾಲದ ರೇಡಿಯೋದಲ್ಲಿ ಈ ರಗಳೆ ಇರಲಿಲ್ಲ. ಮೈಸೂರಿಗೆ ರೇಡಿಯೋ ಹೊಸದಲ್ಲ, ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ತಮ್ಮ ಮನೆಯಿಂದ ಆಕಾಶವಾಣಿ ಶುರು ಮಾಡಿದ್ದರು. ಅಂಥ ರೇಡಿಯೋದ ಮೈಕ್ ಫಿರಂಗಿ ಪಕ್ಕ ಇದ್ದು ನೇರ ಪ್ರಸಾರ ಆದರೆ, 140 ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ ರೇಡಿಯೋ ಮುಂದೆ ಕೂತವರಿಗೆ ತೋಪಿನ ಸದ್ದು ನಮಗಿಂತ ಹತ್ತು ಸೆಕೆಂಡು ಮೊದಲೇ ಕೇಳಿಸುತ್ತದೆ. ಬೆಟ್ಟದ ಮೇಲಿರುವ ನಾವು ಬೆಂಗಳೂರಿನವರಿಗಿಂತ ಹಿಂದೆ! ಈ ಲೆಕ್ಕ ಹೇಳಿದ್ದಕ್ಕೆ ಆ ಹಿರಿಯರು 'ಹೌದಲ್ಲ ಕಣಪ್ಪ, ಇದು ಹೊಳೆದೇ ಇರಲಿಲ್ಲ' ಅಂದರು.

ಇಳಿಯುವಾಗ ನಂದಿ ಹತ್ತಿರ ಹುಡುಗ ಇನ್ನೊಂದು ಪ್ರಶ್ನೆ ತೆಗೆದ. 'ಸದ್ದು ಹತ್ತು ಸೆಕೆಂಡು ಲೇಟು ಅಂತ ಹೊಗೆ ನೋಡಿ ತಾನೇ ಹೇಳಿದ್ದು ಮಾವ? ಹೊಗೆ ಕಾಣಿಸಿದ್ದೇ ಲೇಟಾಗಿದ್ದರೆ?' ನಾನು ಮೆಟ್ಟಿಲ ಮೇಲೆ ಕೂತೇಬಿಟ್ಟೆ. ಇಡೀ ವಿಷಯದ ತಿರುಳೇ ಇದು. ನಾವು ಶಬ್ದದ ವೇಗ ಅಳೆಯುವಾಗ ಬೆಳಕನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಹಾಗೆ ಬಿಡೋಕೆ ಧೈರ್ಯ ಹೇಗೆ ಬಂತು? ಯಾಕೆಂದರೆ ಮೂರೂವರೆ ಕಿಲೋಮೀಟರ್ ದಾಟೋಕೆ ಬೆಳಕಿಗೆ, ಒಂದು ಸೆಕೆಂಡನ್ನು ಲಕ್ಷ ಚೂರು ಮಾಡಿದರೆ ಅದರಲ್ಲಿ ಒಂದು ಚೂರಿಗಿಂತ ಸ್ವಲ್ಪ ಜಾಸ್ತಿ ಸಾಕು. ಬೆಳಕು ಶಬ್ದಕ್ಕಿಂತ ಸುಮಾರು 8.7 ಲಕ್ಷ ಪಟ್ಟು ಜೋರು. ಒಂದನ್ನು ಅಳೆಯೋಕೆ ಇನ್ನೊಂದು ಗಡಿಯಾರದ ಹಾಗೆ ನಿಲ್ಲುತ್ತದೆ.

ಆದರೆ ಬೆಳಕನ್ನು ಅಳೆಯೋಕೆ ಅದಕ್ಕಿಂತ ಜೋರಾಗಿ ಓಡುವ ಇನ್ನೊಂದು ಇಲ್ಲ. ಅದಕ್ಕೇ ಗೆಲಿಲಿಯೋಗೂ ಅದು ಸಿಗಲಿಲ್ಲ. ಇಬ್ಬರು ದೂರದಲ್ಲಿ ಮುಚ್ಚಿದ ದೀಪ ಹಿಡಿದು ನಿಲ್ಲೋದು, ಒಬ್ಬ ಮುಚ್ಚಳ ತೆಗೆದಾಗ ಇನ್ನೊಬ್ಬ ತನ್ನದನ್ನು ತೆಗೆಯೋದು, ಇದು ಅವನು 1638ರ ಪುಸ್ತಕದಲ್ಲಿ ಹೇಳಿದ ಉಪಾಯ. ಮನುಷ್ಯನ ಕೈ ಆಡುವ ಹೊತ್ತಿನಲ್ಲಿ ಬೆಳಕು ಭೂಮಿಯನ್ನೇ ಸುತ್ತಿ ಬರುವಷ್ಟು ದೂರ ಓಡಿರುತ್ತದೆ, ಇನ್ನು ಬೆಟ್ಟದಿಂದ ಬೆಟ್ಟಕ್ಕೆ ಏನು ಸಿಕ್ಕೀತು? ಸಿಕ್ಕಿದ್ದು ಆಕಾಶದಲ್ಲಿ. 1676ರಲ್ಲಿ ರೋಮರ್ ಅನ್ನುವವನು ಗುರು ಗ್ರಹದ ಚಂದ್ರ ಅಯೋಗೆ ಗ್ರಹಣ ಹಿಡಿಯೋದನ್ನು ನೋಡುತ್ತಾ, ಭೂಮಿ ಗುರುವಿನಿಂದ ದೂರ ಸರಿಯುತ್ತಿರುವಾಗ ಗ್ರಹಣಗಳು ತಡವಾಗುತ್ತಾ ಹೋಗುತ್ತವೆ ಅಂತ ಕಂಡ. ಬೆಳಕಿಗೂ ದಾರಿ ಸವೆಸೋಕೆ ಹೊತ್ತು ಬೇಕು ಅಂತ ಅಲ್ಲಿ ಗೊತ್ತಾಯಿತು. ನನಗೆ ಇದು ಕುಶಾಲತೋಪಿನ ಕಥೆಯೇ ಅನಿಸುತ್ತದೆ, ದೂರ ಮಾತ್ರ ಕೋಟಿಗಟ್ಟಲೆ ಕಿಲೋಮೀಟರ್.

ತೋಪಿನಿಂದ ಶಬ್ದ ಅಳೆಯೋದು ನಮ್ಮ ದಕ್ಷಿಣದಲ್ಲೂ ಹಳೇ ವಿದ್ಯೆ. ಮದ್ರಾಸಿನ ವೀಕ್ಷಣಾಲಯದಲ್ಲಿದ್ದ ಜಾನ್ ಗೋಲ್ಡಿಂಗ್‌ಹ್ಯಾಮ್ 1820ರ ಸುಮಾರಿಗೆ ಇದನ್ನೇ ಮಾಡಿದ್ದ. ಸೇಂಟ್ ಜಾರ್ಜ್ ಕೋಟೆಯಿಂದ, ಸೇಂಟ್ ಥಾಮಸ್ ಮೌಂಟಿನಿಂದ ದಿನಾ ಬೆಳಗ್ಗೆ ಸಂಜೆ ತೋಪು ಹಾರುತ್ತಿತ್ತು. ಬೆಂಕಿ ಕಂಡಾಗಿಂದ ಸದ್ದು ಕೇಳುವ ತನಕ ಎಷ್ಟು ಹೊತ್ತು ಅಂತ ತಿಂಗಳಾನುಗಟ್ಟಲೆ ಬರೆದಿಟ್ಟ. ಜೊತೆಗೆ ಆ ಹೊತ್ತಿನ ಸೆಕೆ, ಗಾಳಿಯ ದಿಕ್ಕು, ತೇವ ಎಲ್ಲ ಗುರುತು ಹಾಕಿದ. ತಿಂಗಳಿಂದ ತಿಂಗಳಿಗೆ ವೇಗ ಬದಲಾಗೋದು ಅವನ ಪಟ್ಟಿಯಲ್ಲಿ ಕಂಡಿತು. ಇಂಥ ತಾಳ್ಮೆಯ ಕೆಲಸ ನನಗೆ ತುಂಬಾ ಇಷ್ಟ.

ರಾತ್ರಿ ಮಂಡ್ಯದ ಹತ್ತಿರದ ಅಕ್ಕನ ಊರಿಗೆ ಬಂದೆವು. ಊಟ ಆದ ಮೇಲೆ ಹುಡುಗ ವಿಡಿಯೋ ಇಟ್ಟುಕೊಂಡು ಕೂತ. ಸ್ಟಾಪ್‌ವಾಚ್ ಒತ್ತುವ ಬೆರಳನ್ನು ನಂಬೋದಕ್ಕಿಂತ ಇದು ಎಷ್ಟೋ ವಾಸಿ. ಒಂದೇ ಫೈಲಿನಲ್ಲಿ ಹೊಗೆಯೂ ಇದೆ, ಸದ್ದೂ ಇದೆ. ಸೆಕೆಂಡಿಗೆ 30 ಫ್ರೇಮು. ಹೊಗೆ ಮೊದಲು ಕಂಡ ಫ್ರೇಮಿನಿಂದ ಸದ್ದಿನ ಗೆರೆ ಮೇಲೇಳುವ ಜಾಗದವರೆಗೆ ಎಣಿಸಿದರೆ ಆಯಿತು. ಮ್ಯಾಪಿನಲ್ಲಿ ದೂರ ಅಳೆದು ಭಾಗಿಸಿದ. ಪುಸ್ತಕದ ಸಂಖ್ಯೆಗಿಂತ ಚೂರು ಜಾಸ್ತಿ ಬಂತು. ಹೊಗೆ ಮರಗಳನ್ನು ದಾಟಿ ಮೇಲೆ ಬಂದು ನಮಗೆ ಕಾಣೋಕೆ ಹಿಡಿದ ಹೊತ್ತು ಲೆಕ್ಕದಿಂದ ಕಳೆದುಹೋಗಿರುತ್ತದೆ, ಅದು ಒಂದು ಕಾರಣ. ಸೆಕೆ ಇನ್ನೊಂದು. ಸೊನ್ನೆ ಡಿಗ್ರಿಯಲ್ಲಿ ಶಬ್ದ ಸೆಕೆಂಡಿಗೆ 331 ಮೀಟರ್ ಹೋದರೆ ಒಂದೊಂದು ಡಿಗ್ರಿ ಏರಿದ ಹಾಗೂ ಸುಮಾರು 0.6 ಮೀಟರ್ ಕೂಡುತ್ತಾ ಹೋಗುತ್ತದೆ, 30 ಡಿಗ್ರಿಯಲ್ಲಿ 349. ನೀರಿನಲ್ಲಂತೂ ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಬೆಳಕಿನದು ಉಲ್ಟಾ, ನೀರಿಗೆ ಇಳಿದರೆ ಅದು 2.25 ಲಕ್ಷ ಕಿಲೋಮೀಟರಿಗೆ ನಿಧಾನ ಆಗುತ್ತದೆ. ಹುಡುಗ ಅವನಷ್ಟಕ್ಕೆ ಅವನೇ ಇನ್ನೊಂದು ಲೆಕ್ಕ ಹಾಕಿದ. ಸೂರ್ಯನಿಂದ ಬೆಳಕು ಬರೋಕೆ 8 ನಿಮಿಷ ಚಿಲ್ಲರೆ, ನಡುವೆ ಗಾಳಿ ತುಂಬಿದ್ದರೆ ಸೂರ್ಯನ ಸದ್ದು ಬರೋಕೆ ಸುಮಾರು 14 ವರ್ಷ. 'ನಾನು ಹುಟ್ಟಿದಾಗ ಆದ ಸದ್ದು ಈಗ ಬರ್ತಿತ್ತು ಮಾವ' ಅಂದ.

ಅಷ್ಟರಲ್ಲಿ ಪಾಂಡವಪುರದ ಕಡೆ ಮಿಂಚಿತು. ಚಿತ್ತಾ ಮಳೆಯ ಕಾಲ. ತ್ರೀ ಫೇಸ್ ಕರೆಂಟು ರಾತ್ರಿ ಬಂದಿತ್ತು, ಮಳೆ ಬರುತ್ತಲ್ಲ ಅಂತ ಭಾವ ಟಾರ್ಚ್ ಹಿಡಿದು ಕಬ್ಬಿನ ಗದ್ದೆಯ ಮೋಟರ್ ಆಫ್ ಮಾಡೋಕೆ ಹೊರಟರು. ಹುಡುಗ ಎಣಿಸುತ್ತಿದ್ದ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೊದಲನೇದಕ್ಕೆ ಮೂವತ್ತರ ಮೇಲೆ, ಅಂದರೆ ಹತ್ತು ಕಿಲೋಮೀಟರಿಗೂ ಆಚೆ. ಗುಡುಗು ತುಂಬಾ ಹೊತ್ತು ಉರುಳಿತು, ಯಾಕೆಂದರೆ ಮಿಂಚು ಕಿಲೋಮೀಟರುಗಟ್ಟಲೆ ಉದ್ದ ಇರುತ್ತದೆ, ಹತ್ತಿರದ ತುದಿಯ ಸದ್ದು ಮೊದಲು, ದೂರದ ತುದಿಯದು ಆಮೇಲೆ ಬರುತ್ತದೆ. ಮುಂದಿನದಕ್ಕೆ ಇಪ್ಪತ್ತು. ಅದರ ಮುಂದಿನದಕ್ಕೆ ಹನ್ನೆರಡು.

'ಅಪ್ಪ, ಹೋಗಬೇಡಿ, ನಾಲ್ಕೇ ಕಿಲೋಮೀಟರ್' ಅಂದ. ನಾನೂ 'ಭಾವ, ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೂ ಬಯಲಿಗೆ ಇಳಿಯಬಾರದು, ಕೇಳಿಸುವಷ್ಟು ದೂರದಲ್ಲಿದ್ದರೆ ಮುಂದಿನ ಸಿಡಿಲು ಇಲ್ಲಿಗೂ ಬೀಳಬಹುದು' ಅಂದೆ. ಭಾವ ಟಾರ್ಚನ್ನು ಗೂಟಕ್ಕೆ ನೇತುಹಾಕಿದರು. 'ಹರಿದರೆ ಹರೀಲಿ ಬಿಡು, ನೀರು ತಾನೇ' ಅಂದು ಬಾಗಿಲು ಹಾಕಿಕೊಂಡು ಬಂದು ನಮ್ಮ ಜೊತೆ ಎಣಿಸೋಕೆ ಕೂತರು.