ಕಾರಣ ಎಂಬ ಕಾಲಮಿನಲ್ಲಿ ಏನು ಬರೆಯುವುದು?

14 ಜೂನ್ 2024, ಶುಕ್ರವಾರ
ಮೈಸೂರು, ರಾತ್ರಿ 11 ಗಂಟೆ

ಇಂದಿಗೆ 34 ವಾರ ತುಂಬಿತು. ತೂಕ, ರಕ್ತದೊತ್ತಡ, ಮಗುವಿನ ಎದೆಬಡಿತ ಎಲ್ಲವೂ ಇರಬೇಕಾದಂತೆಯೇ ಇದ್ದವು; ಅದರ ಬಗ್ಗೆ ಬರೆಯಲು ಏನೂ ಇಲ್ಲ. ತಪಾಸಣೆ ಮುಗಿದ ಮೇಲೆ ನಡೆದ ಮಾತು ಮಾತ್ರ ಈ ಹೊತ್ತಿಗೂ ತಲೆಯಿಂದ ಇಳಿಯುತ್ತಿಲ್ಲ. ಒಂದು ತಿಂಗಳಿನಿಂದ ಬಾಯಿಯವರೆಗೆ ಬಂದು ವಾಪಸು ಹೋಗುತ್ತಿದ್ದ ವಾಕ್ಯವನ್ನು ಇಂದು ಕೊನೆಗೂ ಹೇಳಿಬಿಟ್ಟೆ: “ಮೇಡಂ, ನನಗೆ ಸಿಸೇರಿಯನ್ನೇ ಮಾಡಿ. ನೋವು ಬರುವವರೆಗೆ ಕಾಯುವುದು ನನಗೆ ಬೇಡ.”

ವೈದ್ಯೆ ಬರೆಯುತ್ತಿದ್ದುದನ್ನು ನಿಲ್ಲಿಸಿ ಪೆನ್ನಿಗೆ ಮುಚ್ಚಳ ಹಾಕಿದರು. “ಮಗುವಿನ ತಲೆ ಕೆಳಗೇ ಇದೆ, ನೀರು ಸರಿಯಾಗಿದೆ, ನಿಮಗೆ ಬಿ.ಪಿ. ಇಲ್ಲ, ಶುಗರ್ ಇಲ್ಲ. ಸಿಸೇರಿಯನ್ ಏಕೆ?” ಎಂದರು. ನನಗೆ ಬೇಕು, ಅದಕ್ಕೆ, ಎಂದೆ. “ಅದು ಕಾರಣವಲ್ಲಮ್ಮ. ಕೇಸ್ ಶೀಟಿನಲ್ಲಿ ಕಾರಣ ಅಂತಲೇ ಒಂದು ಕಾಲಂ ಇರುತ್ತದೆ. ಅಲ್ಲಿ ನಾನು ಏನೆಂದು ಬರೆಯಲಿ?”

ಆ ಕಾಲಮಿನ ವಿಚಾರ ಕೇಳಿ ನನಗೆ ನಗು ಬಂದಿದ್ದರೂ ನಗಲಿಲ್ಲ. ನಮ್ಮ ಬೀದಿಯಲ್ಲೇ ಕಳೆದ ಎರಡು ವರ್ಷಗಳಲ್ಲಿ ಆರು ಹೆರಿಗೆಗಳಾದವು, ನಾಲ್ಕು ಸಿಸೇರಿಯನ್. ಒಬ್ಬಳಿಗೆ ನೀರು ಕಡಿಮೆಯಾಗಿತ್ತು, ಇನ್ನೊಬ್ಬಳ ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು, ಉಳಿದಿಬ್ಬರಿಗೆ ಏನಾಗಿತ್ತೆಂದು ಅವರಿಗೂ ಸರಿಯಾಗಿ ಗೊತ್ತಿಲ್ಲ. ಕಾರಣಗಳೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸರ್ಕಾರಿ ಆಸ್ಪತ್ರೆಯ ನೂರು ಹೆರಿಗೆಗಳಲ್ಲಿ ಸುಮಾರು 14 ಸಿಸೇರಿಯನ್ ಆಗಿದ್ದರೆ, ಖಾಸಗಿ ಆಸ್ಪತ್ರೆಯ ನೂರರಲ್ಲಿ ಸುಮಾರು 47 ಆಗಿವೆ. ಹೆಂಗಸರ ದೇಹ ಆಸ್ಪತ್ರೆಯ ಬಾಗಿಲು ನೋಡಿಕೊಂಡು ಬದಲಾಗುವುದಿಲ್ಲವಲ್ಲ. ಅಷ್ಟು ಕಾಲಂಗಳು ಸಲೀಸಾಗಿ ತುಂಬಿಹೋಗಿರುವಾಗ, ತಾನಾಗಿ ಬಾಯಿಬಿಟ್ಟು ಕೇಳಿದವಳ ಮುಂದೆ ಮಾತ್ರ ಪೆನ್ನಿಗೆ ಮುಚ್ಚಳ ಬಿತ್ತು.

ಹೀಗೆ ಬರೆದರೆ ವೈದ್ಯೆಗೆ ಅನ್ಯಾಯವಾಗುತ್ತದೆ. ಅವರು ಗದರಲಿಲ್ಲ. ಸ್ಕ್ಯಾನಿಂಗ್ ಲಕೋಟೆಯ ಹಿಂಬದಿಯಲ್ಲಿ ತಲೆಕೆಳಗಾದ ಪೇರಲೆ ಹಣ್ಣಿನಂತೆ ಗರ್ಭಕೋಶ ಬರೆದು, ಅದರ ಕೆಳಭಾಗಕ್ಕೆ ಅಡ್ಡಗೆರೆ ಎಳೆದು ತೋರಿಸಿದರು. ಮೊದಲ ಸಲ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೂ ಇದು ಹೊಟ್ಟೆಯ ದೊಡ್ಡ ಆಪರೇಷನ್ನೇ, ರಕ್ತಸ್ರಾವ, ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಎಲ್ಲವೂ ಇದ್ದದ್ದೇ. ಮುಂದಿನ ಬಸಿರಿನಲ್ಲಿ ಮಾಸು ಬಂದು ಈ ಗೆರೆಯ ಮೇಲೆಯೇ ಕುಳಿತು, ಬೇರಿನಂತೆ ಒಳಗೆ ಇಳಿದುಬಿಟ್ಟರೆ, ಆಗ ಬಿಡಿಸಲು ಬಾರದೆ ಗರ್ಭಕೋಶವನ್ನೇ ತೆಗೆಯಬೇಕಾದೀತು. ಸಿಸೇರಿಯನ್ ಹೆಚ್ಚಾದಂತೆ ಈ ಅಪಾಯವೂ ಹೆಚ್ಚುತ್ತದೆ. 39 ವಾರಕ್ಕೆ ಮುಂಚೆ ಮಾತ್ರ ಮುಟ್ಟುವುದೇ ಇಲ್ಲ ಎಂದರು. ನೋವು ಬಾರದೆ ಬೇಗ ಹೊರತೆಗೆದ ಮಗುವಿನ ಶ್ವಾಸಕೋಶದ ನೀರು ಪೂರ್ತಿ ಆರಿರುವುದಿಲ್ಲ, ಏದುಸಿರು ಬಿಡುತ್ತಾ ಒಂದೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿರಬೇಕಾದೀತು. “ಎಷ್ಟು ಮಕ್ಕಳು ಬೇಕು ನಿಮಗೆ?” ಎಂದು ಕೇಳಿದರು. ಒಂದೇ, ಎಂದೆ. “ಈಗ ಎಲ್ಲರೂ ಹಾಗೇ ಹೇಳ್ತಾರೆ” ಎಂದು ಲಕೋಟೆಯನ್ನು ನನ್ನ ಕೈಗೆ ಕೊಟ್ಟರು. ಚಿತ್ರ ಒಪ್ಪಿದೆ, ಆ ಕೊನೆಯ ಮಾತನ್ನು ಒಪ್ಪಲಾರೆ. ಮುಂದಿನ ವಾರ ಇವರನ್ನೂ ಕರೆದುಕೊಂಡು ಬರಬೇಕಂತೆ.

ಕಾರಣ ನನ್ನಲ್ಲಿ ಇಲ್ಲದೆ ಇಲ್ಲ. ಅದು ಆ ಕಾಲಮಿನ ಅಗಲಕ್ಕೆ ಹಿಡಿಸುವಂಥದ್ದಲ್ಲ, ಅಷ್ಟೇ. ಅಕ್ಕನ ಹೆರಿಗೆಯ ರಾತ್ರಿಯ ಬಗ್ಗೆ ಇಲ್ಲಿಯೇ ಹಿಂದೊಮ್ಮೆ ಅರ್ಧ ಬರೆದು ಬಿಟ್ಟಿದ್ದೆ. ಹೆರಿಗೆ ಕೋಣೆಯ ಬಾಗಿಲ ಹೊರಗೆ ಫ್ಲಾಸ್ಕ್ ಹಿಡಿದುಕೊಂಡು ಕುಳಿತಿದ್ದ ನನಗೆ ಅವಳ ಕೂಗಿಗಿಂತ ಸ್ಪಷ್ಟವಾಗಿ ಕೇಳಿಸಿದ್ದು ಒಳಗಿದ್ದ ಇನ್ನೊಬ್ಬ ಹೆಂಗಸಿನ ದನಿ: “ಆಗ ಚೆನ್ನಾಗಿತ್ತಲ್ಲ, ಈಗ್ಯಾಕೆ ಕಿರುಚ್ತೀಯ?” ತೊಡೆಯ ಮೇಲೆ ಹೊಡೆದ ಸದ್ದೂ ಕೇಳಿಸಿತು. ಹತ್ತೊಂಬತ್ತು ಗಂಟೆ ಹಾಗೆ ಕಳೆದ ಮೇಲೆ, ಮಗುವಿನ ಎದೆಬಡಿತ ಇಳಿಯುತ್ತಿದೆಯೆಂದು ಭಾವನಿಂದ ಸಹಿ ಹಾಕಿಸಿಕೊಂಡು, ಟ್ರಾಲಿಯನ್ನು ಓಡಿಸಿಕೊಂಡು ಹೋದರು. ಸಹಿ ಹಾಕಿದ್ದು ಭಾವ. ಅಕ್ಕನಿಗೆ ಯಾರೂ ಏನೂ ಹೇಳಲಿಲ್ಲ. ಮಗ ಚೆನ್ನಾಗಿಯೇ ಇದ್ದಾನೆ. ಅವನ ಹುಟ್ಟುಹಬ್ಬದ ಬೆಳಿಗ್ಗೆ ಅಕ್ಕ ಬಹಳ ಹೊತ್ತು ಯಾರೊಂದಿಗೂ ಮಾತನಾಡುವುದಿಲ್ಲ ಎಂಬುದನ್ನು ನಮ್ಮ ಮನೆಯಲ್ಲಿ ಎಲ್ಲರೂ ಗಮನಿಸಿದ್ದೇವೆ, ಯಾರೂ ಕೇಳಿಲ್ಲ.

ಇವರಿಗೆ ಇದನ್ನು ಹೇಳಿದಾಗ ಒಳ್ಳೆಯ ಮನಸ್ಸಿನಿಂದಲೇ ಮೊಬೈಲಿನಲ್ಲಿ ಹುಡುಕಿ, ಹೆರಿಗೆಯ ವಿಪರೀತ ಭಯಕ್ಕೆ ‘ಟೋಕೋಫೋಬಿಯಾ’ ಎಂಬ ಹೆಸರಿದೆ, 2000ದಲ್ಲಿ ಬ್ರಿಟಿಷ್ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಅದರ ಬಗ್ಗೆ ಬರೆದಿದ್ದಾರೆ, ಕಾಲಮಿನಲ್ಲಿ ಅದನ್ನೇ ಬರೆಸಿಬಿಡು ಎಂದರು. ಬೇಡವೆಂದೆ. ಹೊಡೆಸಿಕೊಳ್ಳಲು ಇಷ್ಟವಿಲ್ಲ ಎನ್ನುವುದಕ್ಕೆ ರೋಗದ ಹೆಸರು ಏಕೆ?

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಚಿಕ್ಕಪ್ಪನ ಮಗಳೂ ಹೀಗೆಯೇ ಕೇಳಿ ಪಡೆದವಳು. ಅಲ್ಲಿ 2011ರ ಮಾರ್ಗಸೂಚಿಯಿಂದ ಈಚೆಗೆ, ಎರಡೂ ದಾರಿಗಳ ಸಾಧಕ ಬಾಧಕಗಳನ್ನು ಹೇಳಿದ ಮೇಲೂ ಹೆಂಗಸು ಸಿಸೇರಿಯನ್ನೇ ಬೇಕೆಂದರೆ ಅದಕ್ಕೆ ಅವಕಾಶ ಮಾಡಿಕೊಡಬೇಕು. ತನಗೆ ಒಪ್ಪಿಗೆಯಾಗದ ವೈದ್ಯರು ಒಪ್ಪುವ ಇನ್ನೊಬ್ಬರ ಬಳಿಗೆ ಕಳಿಸಬೇಕು. ಹಾಗೆಂದು ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದಲ್ಲ. ಷ್ರೂಸ್‌ಬರಿ ಮತ್ತು ಟೆಲ್ಫರ್ಡ್ ಆಸ್ಪತ್ರೆಗಳ ಬಗ್ಗೆ 2022ರಲ್ಲಿ ಬಂದ ಆಕೆಂಡನ್ ವರದಿಯಲ್ಲಿ, ಸಿಸೇರಿಯನ್ ಮಾಡಲು ಹಿಂದೆಮುಂದೆ ನೋಡಿದ್ದರಿಂದಲೂ ತಾಯಂದಿರಿಗೆ, ಮಕ್ಕಳಿಗೆ ಹಾನಿಯಾದ ಪ್ರಸಂಗಗಳಿವೆ. ಲೀಡ್ಸ್‌ನ ಆ ತಂಗಿ ಹೇಳಿದ್ದರಲ್ಲಿ ನನಗೆ ನೆನಪಿರುವುದು ಮಾರ್ಗಸೂಚಿಯಲ್ಲ. ಅವಳ ಸೂಲಗಿತ್ತಿ ಮೊದಲು ಕೇಳಿದ ಪ್ರಶ್ನೆ “ನಿನಗೆ ಯಾವುದರ ಭಯ?” ಎಂಬುದಾಗಿತ್ತಂತೆ. ಕಾರಣವನ್ನೇ ಕೇಳಿದ್ದು, ಆದರೆ ಬೇರೆ ರೀತಿ.

ಸಂಜೆ ಅತ್ತೆಯವರಿಗೆ ವಿಷಯ ತಿಳಿಯಿತು. ರಂಪವಾಗುತ್ತದೆ ಎಂದುಕೊಂಡಿದ್ದೆ. ಅವರು ಕನ್ನಡಕ ಹುಡುಕಿಕೊಂಡು, ಒಂಟಿಕೊಪ್ಪಲ್ ಪಂಚಾಂಗ ತೆರೆದು ಕುಳಿತರು. “ಕುಯ್ಯೋದೇ ಆದರೆ ಆಷಾಢಕ್ಕೆ ಮುಂಚೆ ಮಾಡಿಸ್ಕೊಂಡುಬಿಡಮ್ಮ, ಜುಲೈ ಮೊದಲ ವಾರದಲ್ಲಿ.” ಆಗಿನ್ನೂ 37 ವಾರವೂ ತುಂಬಿರುವುದಿಲ್ಲ ಎಂದು ಲಕೋಟೆ ತೋರಿಸಿ ವಿವರಿಸಿದೆ. ಸರಿ, 39 ತುಂಬುವುದು ಯಾವತ್ತು? ಜುಲೈ 19. ಅವರ ಬೆರಳು ಆ ಸಾಲಿನ ಮೇಲೆ ನಿಂತಿತು. “ಅಯ್ಯೋ, ಮೂಲಾ ನಕ್ಷತ್ರ. ಬೇಡ ಬೇಡ.” ಮೂರು ದಿನ ಕೆಳಗಿಳಿದು 22, ಸೋಮವಾರ, ಶ್ರವಣ ಎಂದು ಓದಿ, ಅದೇ ಆಗಲಿ ಎಂದರು. ಇವರು ವೈದ್ಯೆಗೆ ಮೆಸೇಜ್ ಕಳಿಸಿದರು: ಮನೆಯವರು ನಕ್ಷತ್ರ ನೋಡಿದ್ದಾರೆ, 22 ಆಗುತ್ತದೆಯೇ? ಹತ್ತು ನಿಮಿಷದಲ್ಲಿ ಉತ್ತರ ಬಂತು. ಆಗಬಹುದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಲಿ, ಉಳಿದದ್ದು ಮುಂದಿನ ವಾರ ಮಾತನಾಡೋಣ.

ಬೆಳಿಗ್ಗೆ ನಾನು ಕುಳಿತು ಕೇಳಿದಾಗ ಬೇಕಾಗಿದ್ದ ಕಾರಣ ಸಂಜೆ ಶ್ರವಣ ನಕ್ಷತ್ರಕ್ಕೆ ಬೇಕಾಗಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತು, ಸಂತೋಷಪಡಬೇಕು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಅಮ್ಮ ಮಾತ್ರ ಇಡೀ ದಿನ ಒಂದು ಮಾತೂ ಆಡಿರಲಿಲ್ಲ. ಊಟವಾದ ಮೇಲೆ ನನ್ನ ಕೋಣೆಯ ನೆಲದ ಮೇಲೆ ಕುಳಿತು, ಊರಿನಿಂದ ತಂದ ಹಳೆಯ ಹತ್ತಿ ಸೀರೆಗಳನ್ನು ಮಗುವಿನ ಬಟ್ಟೆಗೆಂದು ಹರಿಯತೊಡಗಿದಳು. ಅಂಚಿಗೆ ಹಲ್ಲಿನಿಂದ ಒಂದು ಗುರುತು ಮಾಡಿ, ಎರಡೂ ಕೈಯಲ್ಲಿ ಎಳೆದರೆ ಸೀರೆ ನೇರವಾಗಿ ಹರಿಯುತ್ತದೆ. ತೊಳೆದು ತೊಳೆದು ಮೆತ್ತಗಾದ ಬಟ್ಟೆಗೆ ಸದ್ದೂ ಕಡಿಮೆ. “ನಮ್ಮ ಪಾವಗಡದ ನರಸಮ್ಮಜ್ಜಿ ಹದಿನೈದು ಸಾವಿರ ಹೆರಿಗೆ ಮಾಡಿಸಿದ್ಲು, ದೆಲ್ಲಿಗೆ ಕರೆದು ಪದ್ಮಶ್ರೀ ಕೊಟ್ಟರು” ಎಂದಳು, ನನ್ನ ಮುಖ ನೋಡದೆ. ಆ ಅಜ್ಜಿ 2018ರ ಕೊನೆಗೆ ತೀರಿಕೊಂಡರಲ್ಲ, ಅಂಥ ಕೈ ನನ್ನ ಸೊಂಟದ ಮೇಲಿರುವುದಾದರೆ ನಾನೂ ನೋವಿಗೆ ಕಾಯುತ್ತಿದ್ದೆ ಎಂದೆ. ಅಮ್ಮ ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳ ನಿಜವಾದ ದೂರು ಹೊರಬಂತು: ಹೊಲಿಗೆ ಇರುವವಳಿಗೆ ಎಣ್ಣೆ ಹಚ್ಚಿ ಹಂಡೆಗಟ್ಟಲೆ ನೀರು ಎರೆಯುವುದು ಹೇಗೆ, ಹೊಟ್ಟೆ ಕಟ್ಟುವುದು ಹೇಗೆ, ಅಕ್ಕನ ಬಾಣಂತನವೂ ಕೈಗೆ ಸಿಗಲಿಲ್ಲ, ನನ್ನದೂ ಸಿಗುವುದಿಲ್ಲ. ನಾನು ಈ ವಿಷಯವನ್ನು ಯೋಚಿಸಿಯೇ ಇರಲಿಲ್ಲ.

ಕೊನೆಯ ಸೀರೆಯನ್ನು ಉದ್ದುದ್ದಕ್ಕೆ ಮಡಿಸಿಕೊಂಡು, ಅಂಚನ್ನು ಹಲ್ಲಿನ ಹತ್ತಿರ ಹಿಡಿದು, “ಹೊಲಿಗೆ ಎಲ್ಲಿ ಬರುತ್ತೆ ತೋರಿಸೇ, ಎಷ್ಟಗಲ ಹರೀಬೇಕು ನೋಡ್ತೀನಿ” ಎಂದಳು. ಕಿಬ್ಬೊಟ್ಟೆಯ ಮೇಲೆ ಅಡ್ಡಕ್ಕೆ ಬೆರಳೆಳೆದು ತೋರಿಸಿದೆ. ನಾಲ್ಕು ಬೆರಳು ಅಳತೆ ಬಿಟ್ಟು ಹರಿದಳು.

ಒಂದು ವಿಷಯ ಕೇಳಲು ಮರೆತೆ. 22ಕ್ಕೆ ಮುಂಚೆಯೇ, ಯಾವುದೋ ರಾತ್ರಿ ಎರಡು ಗಂಟೆಗೆ ನೋವು ತಾನಾಗಿಯೇ ಶುರುವಾಗಿಬಿಟ್ಟರೆ, ಆ ಹೊತ್ತಿನಲ್ಲಿ ಹೆರಿಗೆ ಕೋಣೆಯಲ್ಲಿ ಯಾರಿರುತ್ತಾರೆ, ಅವರಿಗೆ ನಾನು ಮೊದಲಿನಿಂದ…